3ನೇ ಅಧ್ಯಾಯದಲ್ಲಿ ಮುರಿದ ನಂಬಿಕೆ 20ನೇ ಅಧ್ಯಾಯದಲ್ಲಿ ಕೂಡುವುದು ಹೇಗೆ?

ಪ್ರಶ್ನೆ: ಶಟಲ್ ಬ್ಯಾಡ್ಮಿಂಟನ್ ಹಿನ್ನೆಲೆಯಲ್ಲಿ ಒಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಚೈತ್ರಾ ಶಿವಮೊಗ್ಗದವಳು, ಮಿಕ್ಸೆಡ್ ಡಬಲ್ಸ್ ಆಟಗಾರ್ತಿ. ಅವಳ ಜೋಡಿ ಆಟಗಾರನ ಜೊತೆಗೇ ಮದುವೆ ನಿಶ್ಚಯವಾಗಿರುತ್ತದೆ. ರಾಷ್ಟ್ರೀಯ ಟೂರ್ನಿಗೆ ಸ್ವಲ್ಪ ಮುಂಚೆ ಅವನು ಅವಳಿಗೆ ಹೇಳದೆ ಬೇರೆ ಹುಡುಗಿಯ ಜೊತೆ ಹೆಸರು ಕೊಡುತ್ತಾನೆ. ಮದುವೆಯೂ ಮುರಿಯುತ್ತದೆ. ಅದೇ ಹೊತ್ತಿಗೆ ಅವಳ ಮೊಣಕಾಲಿನ ಲಿಗಮೆಂಟ್ ಹರಿಯುತ್ತದೆ. ಎರಡು ವರ್ಷದ ನಂತರ ವಿಶ್ವಾಸ್ ಎಂಬ ಹೊಸ ಜೋಡಿ ಸಿಗುತ್ತಾನೆ. 19ನೇ ಅಧ್ಯಾಯದಲ್ಲಿ ಅವಳಿಗೆ ಡೆಂಗಿ ಬರುತ್ತದೆ, ಅವನು ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತಿರುತ್ತಾನೆ. 20ರಲ್ಲಿ ಅವಳು ಅವನನ್ನು ಒಪ್ಪುತ್ತಾಳೆ. ಓದಿದ ಗೆಳತಿಯರು "ಇದ್ದಕ್ಕಿದ್ದಂತೆ ನಂಬಿಬಿಟ್ಟಳು" ಎನ್ನುತ್ತಾರೆ. ಹಸ್ತಪ್ರತಿ ಜೊತೆಗಿಟ್ಟಿದ್ದೇನೆ. ಹೇಗೆ ಸರಿಮಾಡಲಿ? ಹಳೆಯ ಹುಡುಗ ಬಂದು ಕ್ಷಮೆ ಕೇಳಬೇಕಾ? ಆಟದ ವಿವರ ಎಷ್ಟಿರಬೇಕು? ಕೊನೆಗೆ ಅವರು ಗೆಲ್ಲಬೇಕಾ?

ಉತ್ತರ:

ಮೊದಲು ಒಂದು ಸಣ್ಣ ವಿಷಯ. ನಾಯಕನಿಗೆ ವಿಶ್ವಾಸ್ ಎಂದು ಹೆಸರಿಡಬೇಡಿ. ನಂಬಿಕೆ ಕಳೆದುಕೊಂಡವಳಿಗೆ ವಿಶ್ವಾಸ್ ಸಿಗುತ್ತಾನೆ ಎಂದರೆ ಅವನು ಬಂದ ಪುಟದಲ್ಲೇ ಕಥೆ ಮುಗಿಯಿತು. ಬೇರೆ ಹೆಸರು ಹುಡುಕುವವರೆಗೆ ಇಲ್ಲಿ ಅವನನ್ನು 'ಹೊಸ ಹುಡುಗ' ಎಂದೇ ಕರೆಯುತ್ತೇನೆ.

ನಿಮ್ಮ ಗೆಳತಿಯರು ಹೇಳಿದ್ದು ಸರಿ. ಆದರೆ ತೊಂದರೆ 20ನೇ ಅಧ್ಯಾಯದಲ್ಲಿ ಇಲ್ಲ. ಅದು ಶುರುವಾಗುವುದು 3ನೇ ಅಧ್ಯಾಯದಲ್ಲಿ. ಅಲ್ಲಿ ಚೈತ್ರಾ ಕಳೆದುಕೊಂಡದ್ದು ಏನು ಎಂದು ನೀವು ಸರಿಯಾಗಿ ಗುರುತಿಸಿಲ್ಲ. 'ಗಂಡಸರ ಮೇಲಿನ ನಂಬಿಕೆ' ಎಂದು ತಿಳಿದುಕೊಂಡಿದ್ದೀರಿ. ಹಾಗಾಗಿ ಹೊಸ ಹುಡುಗ ಎಷ್ಟು ಒಳ್ಳೆಯವನು ಎಂದು ತೋರಿಸುತ್ತಾ ಹೋದರೆ ಆ ನಂಬಿಕೆ ವಾಪಸ್ ಬರುತ್ತದೆ ಎಂಬ ಲೆಕ್ಕ ಹಾಕಿದ್ದೀರಿ. ಅವನು ಬ್ಯಾಗ್ ಹೊರುತ್ತಾನೆ, ಅವಳ ರ‍್ಯಾಕೆಟ್‌ಗೆ ಗಟ್ಟಿಂಗ್ ಹಾಕಿಸಿಕೊಂಡು ಬರುತ್ತಾನೆ, ಆಸ್ಪತ್ರೆಯಲ್ಲಿ ನಿದ್ದೆಗೆಡುತ್ತಾನೆ. ಓದುಗರಿಗೆ ಅವನು ಒಳ್ಳೆಯವನೆಂದು 6ನೇ ಅಧ್ಯಾಯದಲ್ಲೇ ಗೊತ್ತಾಗಿಬಿಟ್ಟಿದೆ. ಅಲ್ಲಿಂದ ಮುಂದೆ ಅವಳು ಯಾವಾಗ ಒಪ್ಪುತ್ತಾಳೋ ಎಂದು ಸುಮ್ನೆ ಕಾಯುತ್ತಾ ಕೂತಿರುತ್ತಾರೆ.

ತೆನಾಲಿ ರಾಮನ ಬೆಕ್ಕು ಗೊತ್ತಲ್ಲ, ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಮೇಲೆ ಹಾಲು ಕಂಡರೆ ಓಡುತ್ತಿತ್ತು. ನಿಮ್ಮ ಚೈತ್ರಾ ಸದ್ಯಕ್ಕೆ ಆ ಬೆಕ್ಕಿನ ಹಾಗಿದ್ದಾಳೆ. ಆದರೆ ಬೆಕ್ಕಿಗೆ ಇದ್ದದ್ದು ಹಾಲಿನ ಭಯ ಮಾತ್ರ. ಮೋಸಹೋದ ಮನುಷ್ಯರಿಗೆ ಇನ್ನೊಂದು ಭಯವೂ ಇರುತ್ತದೆ, ಅದೇ ದೊಡ್ಡದು. 'ನನಗೆ ಗೊತ್ತಾಗಲಿಲ್ಲವಲ್ಲ' ಎಂಬುದು ಅದು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಒಂದೇ ಕೋರ್ಟಿನಲ್ಲಿ ಅವನ ಜೊತೆ ಆಡಿದವಳು ಅವಳು. ಅವನ ಶೂ ಸದ್ದಿನಿಂದಲೇ ಅವನು ಎಲ್ಲಿದ್ದಾನೆ ಎಂದು ಹೇಳಬಲ್ಲವಳು. ಅಂಥವಳಿಗೆ ಅವನು ತಿಂಗಳಿಂದ ಬೇರೆ ಹುಡುಗಿಯ ಜೊತೆ ಪ್ರಾಕ್ಟೀಸ್ ಮಾಡುತ್ತಿದ್ದದ್ದು ಗೊತ್ತಾಗಲಿಲ್ಲ. ಅಂದರೆ ಅವಳು ನಂಬಿಕೆ ಕಳೆದುಕೊಂಡದ್ದು ತನ್ನ ಕಣ್ಣಿನ ಮೇಲೆ, ತನ್ನ ಲೆಕ್ಕಾಚಾರದ ಮೇಲೆ.

ಇದನ್ನು ಒಪ್ಪಿದರೆ ನಿಮ್ಮ ಕಾದಂಬರಿ ಪೂರ್ತಿ ತಿರುಗುತ್ತದೆ. ಹೊಸ ಹುಡುಗ ಎಷ್ಟು ಒಳ್ಳೆಯತನ ತೋರಿಸಿದರೂ ಅದರಿಂದ ಅವಳಿಗೆ ಏನೂ ಸಾಬೀತಾಗುವುದಿಲ್ಲ. ಯಾಕೆಂದರೆ ಹಳೆಯವನೂ ಒಳ್ಳೆಯವನಾಗಿಯೇ ಇದ್ದ. ನನ್ನ ಸಲಹೆ ಇದು: 2ನೇ ಅಧ್ಯಾಯದಲ್ಲಿ ಹಳೆಯ ಹುಡುಗನನ್ನೂ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕೂರಿಸಿ. ಅವಳ ಅಪ್ಪನಿಗೆ ಹುಷಾರಿಲ್ಲದಾಗ ಕೂತಿದ್ದ ಎಂದಿರಲಿ. ನಿಜವಾದ ಕಾಳಜಿಯಿಂದಲೇ ಕೂತಿದ್ದ. ಆಮೇಲೆ 19ನೇ ಅಧ್ಯಾಯದಲ್ಲಿ ಹೊಸ ಹುಡುಗ ಅದೇ ಥರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುವುದನ್ನು ಅವಳು ನೋಡಿದಾಗ ಏನಾಗುತ್ತದೆ? ಕರಗುವುದಿಲ್ಲ. ಹೆದರುತ್ತಾಳೆ. ಈಗಿರುವ ದೃಶ್ಯಕ್ಕಿಂತ ಇದು ಹತ್ತು ಪಟ್ಟು ಚೆನ್ನಾಗಿರುತ್ತದೆ, ಅಲ್ವಾ?

ಮೊಣಕಾಲಿನ ವಿಷಯಕ್ಕೆ ಬರುತ್ತೇನೆ. ಅದನ್ನು ನೀವು ಕಷ್ಟಗಳ ಪಟ್ಟಿಗೆ ಇನ್ನೊಂದು ಎಂಬಂತೆ ಸೇರಿಸಿದ್ದೀರಿ. ಅದು ಈ ಕಥೆಯ ಬೆನ್ನುಮೂಳೆ ಆಗಬಹುದು.

ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿದರೆ ಸಾಮಾನ್ಯವಾಗಿ ಅವರದ್ದೇ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ಮೊದಲ ವಾರಗಳಲ್ಲಿ ಕಾಲು ಪೂರ್ತಿ ನೆಟ್ಟಗೆ ಮಾಡುವುದೇ ದೊಡ್ಡ ಕೆಲಸ. ತೊಡೆ ಕಣ್ಣಿಗೆ ಕಾಣುವಷ್ಟು ಸಣ್ಣಗಾಗುತ್ತದೆ. ನೇರವಾಗಿ ಓಡುವುದು ಮೂರು ನಾಲ್ಕು ತಿಂಗಳ ನಂತರ. ಜಿಗಿಯುವುದು, ಗಕ್ಕನೆ ತಿರುಗುವುದು ಇನ್ನೂ ತಡ. ಈಗಿನ ವೈದ್ಯರು 9 ತಿಂಗಳಿಗೆ ಮುಂಚೆ ಪಂದ್ಯ ಆಡಲು ಬಿಡಲು ಒಪ್ಪುವುದು ಕಡಿಮೆ. ಬಿಡುವ ಮುಂಚೆ ಒಂಟಿ ಕಾಲಲ್ಲಿ ಕುಪ್ಪಳಿಸಿ ಎನ್ನುತ್ತಾರೆ. ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ ಶೇಕಡಾ 90ರಷ್ಟಾದರೂ ದೂರ ಹಾರಬೇಕು. ಇದರ ಜೊತೆಗೆ ಕಾಗದದ ಮೇಲೂ ಒಂದು ಪರೀಕ್ಷೆ ಇದೆ. 12 ಪ್ರಶ್ನೆಗಳದ್ದು, ಹೆಸರು ಎಸಿಎಲ್-ಆರ್‌ಎಸ್‌ಐ. ಮತ್ತೆ ಗಾಯ ಆಗುತ್ತದೆಂಬ ಭಯ ಇದೆಯಾ, ಮೊಣಕಾಲಿನ ಬಗ್ಗೆ ಯೋಚಿಸದೆ ಆಡಬಲ್ಲಿರಾ ಎಂಬಂಥ ಪ್ರಶ್ನೆಗಳು. ಕಾಲು ಗಟ್ಟಿಯಾಗಿದ್ದೂ ಈ ಪ್ರಶ್ನೆಗಳ ಮುಂದೆ ಸೋಲುವ ಆಟಗಾರರು ಬೇಕಾದಷ್ಟು ಇದ್ದಾರೆ.

ಚೈತ್ರಾಳ ಮನಸ್ಸಿನ ಕಥೆಯೂ ಇದೇ. ಮೊಣಕಾಲಿಗೆ ಪೆಟ್ಟಾದವರು ನೆಲವನ್ನಾಗಲಿ ಎದುರಾಳಿಯನ್ನಾಗಲಿ ದೂರುವುದು ಕಡಿಮೆ. ನನ್ನ ಕಾಲೇ ನನ್ನನ್ನು ಹಿಡಿಯಲಿಲ್ಲ ಎನ್ನುತ್ತಾರೆ.

ಇನ್ನೂ ಒಂದು ವಿವರ ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಎಸಿಎಲ್ ಹರಿಯುವುದು ಹೆಚ್ಚಾಗಿ ರ‍್ಯಾಕೆಟ್ ಹಿಡಿಯದ ಬದಿಯ ಕಾಲಿನಲ್ಲಿ. ಬಲಗೈ ಆಟಗಾರ್ತಿ ಬ್ಯಾಕ್‌ಹ್ಯಾಂಡ್ ಬದಿಯ, ಅಂದರೆ ಎಡಗಡೆಯ, ಹಿಂದಿನ ಮೂಲೆಗೆ ಓಡಿ, ತಲೆಯ ಮೇಲಿಂದ ಹೊಡೆದು, ಎಡಗಾಲ ಮೇಲೆ ಒಂಟಿಯಾಗಿ ಇಳಿಯುವಾಗ ಕಾಲು ತಿರುಚುತ್ತದೆ. ಸ್ಪೇನ್‌ನ ಕರೋಲಿನಾ ಮರಿನ್ ಎಡಗೈ ಆಟಗಾರ್ತಿ. 2019ರ ಜನವರಿಯಲ್ಲಿ ಇಂಡೋನೇಷ್ಯಾ ಮಾಸ್ಟರ್ಸ್ ಫೈನಲ್‌ನಲ್ಲಿ ಸೈನಾ ನೆಹ್ವಾಲ್ ಎದುರು 10-4ರಲ್ಲಿ ಮುಂದಿದ್ದಾಗ ಅವರು ಬಿದ್ದರು. ಹರಿದದ್ದು ಬಲಗಾಲಿನ ಲಿಗಮೆಂಟ್. ಅದೇ ಸೆಪ್ಟೆಂಬರಿನಲ್ಲಿ ವಾಪಸ್ ಬಂದು ಚೀನಾ ಓಪನ್ ಗೆದ್ದರು. 2021ರಲ್ಲಿ ಎಡಗಾಲು. 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಮೊದಲ ಗೇಮ್ ಗೆದ್ದು ಎರಡನೆಯದರಲ್ಲೂ ಮುಂದಿದ್ದಾಗ ಮತ್ತೆ ಬಲಗಾಲು. ಅಂದು ಅವರಿಂದ ಫೈನಲ್‌ಗೆ ದಾರಿ ಪಡೆದ ಚೀನಾದ ಹೆ ಬಿಂಗ್‌ಜಿಯಾವೊ ಪದಕ ತೆಗೆದುಕೊಳ್ಳುವಾಗ ಸ್ಪೇನ್‌ನ ಪಿನ್ ಒಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಹಾಗಾಗಿ ನಿಮ್ಮ ಕಥೆಯಲ್ಲಿ 'ಕಾಲು ವಾಸಿಯಾಯಿತು, ಭಯ ಹೋಯಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅದು ಮತ್ತೆ ಹರಿಯಬಹುದು. ಅವಳಿಗೂ ಗೊತ್ತು, ಡಾಕ್ಟರಿಗೂ ಗೊತ್ತು.

ಈಗ ಈ ವಿವರವನ್ನು ಮಿಕ್ಸೆಡ್ ಡಬಲ್ಸ್‌ಗೆ ತನ್ನಿ. ಅಲ್ಲಿ ಹುಡುಗಿ ಹೆಚ್ಚಾಗಿ ನೆಟ್ ಹತ್ತಿರ, ಹುಡುಗ ಹಿಂದೆ. ಹಿಂದಿನ ಮೂಲೆ ಅವನದ್ದು. ಅವಳು ಅಲ್ಲಿಗೆ ಓಡಬೇಕಾಗಿ ಬಂತು ಎಂದರೆ ಅವನು ಅಲ್ಲಿರಲಿಲ್ಲ ಎಂದರ್ಥ. ಚೈತ್ರಾಳ ಕಾಲು ಹರಿದದ್ದು ಅಂಥ ಒಂದು ಶಟಲ್ ತೆಗೆಯಲು ಹೋಗಿ ಎಂದು ಬರೆಯಿರಿ. ಹಳೆಯ ಹುಡುಗನ ತಪ್ಪೋ, ಅವಳೇ ಆತುರಪಟ್ಟಳೋ, ಹೇಳಬೇಡಿ. ಅವಳಿಗೇ ಗೊತ್ತಿಲ್ಲದಿರಲಿ. ಎರಡು ವರ್ಷದಿಂದ ಅವಳು ಮನಸ್ಸಿನಲ್ಲೇ ಶಟಲ್ ಬೀಳುವವರೆಗಿನ ಆ ರ‍್ಯಾಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿರಲಿ.

ಈ ಆಟವನ್ನು ಆರಿಸಿಕೊಂಡಿದ್ದೀರಿ, ಆದರೆ ಅದು ಪುಕ್ಕಟೆಯಾಗಿ ಕೊಡುವುದನ್ನು ತೆಗೆದುಕೊಂಡಿಲ್ಲ. ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತವರು ಹಿಂದೆ ತಿರುಗಿ ನೋಡಬಾರದು. ಕೋಚ್‌ಗಳು ಮಕ್ಕಳಿಗೆ ಮೊದಲ ದಿನದಿಂದ ಬೈದು ಕಲಿಸುವ ಪಾಠ ಇದು. ತಿರುಗಿದರೆ ಎದುರಿನವರು ಏನು ಮಾಡುತ್ತಿದ್ದಾರೆ ಎಂಬುದು ಕಾಣುವುದಿಲ್ಲ, ಒಂದು ಹೆಜ್ಜೆ ತಡವಾಗುತ್ತದೆ. ಜೊತೆಗೆ ನಿಮ್ಮದೇ ಜೋಡಿಯ ಸ್ಮ್ಯಾಶ್ (ಮೇಲಿಂದ ಬಲವಾಗಿ ಬಾರಿಸುವ ಹೊಡೆತ) ಮುಖಕ್ಕೆ ಬಡಿಯುವ ಅಪಾಯ. ಒಳ್ಳೆಯ ಹುಡುಗರ ಸ್ಮ್ಯಾಶ್ ರ‍್ಯಾಕೆಟ್ ಬಿಡುವಾಗ ಗಂಟೆಗೆ 300 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿರುತ್ತದೆ. ಅದು ಅವಳ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಮಿಕ್ಸೆಡ್‌ನಲ್ಲಿ ಹುಡುಗ ಸರ್ವಿಸ್ ಮಾಡುವಾಗಲೂ ಅವಳು ಅವನಿಗಿಂತ ಮುಂದೆಯೇ ನಿಂತಿರುತ್ತಾಳೆ. ಅಂದರೆ ಅವಳು ಇಡೀ ಪಂದ್ಯ ಬೆನ್ನಿನ ಹಿಂದೆ ಇರುವ ಒಬ್ಬನನ್ನು ನೋಡದೆ ಆಡಬೇಕು. ಮೋಸಹೋದ ಹುಡುಗಿಯ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ಆಟ ಸಿಗುವುದಿಲ್ಲ. ನಿಮ್ಮ ಹಸ್ತಪ್ರತಿಯಲ್ಲಿ ಈ ವಿಷಯ ಒಂದೇ ಒಂದು ಸಲವೂ ಬಂದಿಲ್ಲ!

ಅವಳು ತಿರುಗಿ ನೋಡುತ್ತಾಳೆ ಎಂದು ಶುರುಮಾಡಿ. ಬೆಂಗಳೂರಿನ ವಸಂತನಗರದ ಕೆಬಿಎ (ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆ) ಕೋರ್ಟಿನಲ್ಲೋ ಬೇರೆಲ್ಲೋ, ಮೊದಲ ವಾರದ ಪ್ರಾಕ್ಟೀಸಿನಲ್ಲಿ. ಅರ್ಧ ಸೆಕೆಂಡು, ತಲೆ ಸ್ವಲ್ಪ ಎಡಕ್ಕೆ. ಕೋಚ್ ಕಿರುಚುತ್ತಾರೆ. ಹೊಸ ಹುಡುಗ ಏನೂ ಹೇಳುವುದಿಲ್ಲ. ಇದಕ್ಕೆ ವಿವರಣೆ ಕೊಡಬೇಡಿ. ಓದುಗರೇ ಹಿಡಿಯುತ್ತಾರೆ.

ಎರಡನೆಯದು ಕೂಗು. ಡಬಲ್ಸ್ ಜೋಡಿಗಳು ಆಡುತ್ತಾ ಒಬ್ಬರಿಗೊಬ್ಬರು ಕೂಗುತ್ತಿರುತ್ತಾರೆ. 'ನಂದು', 'ನಿಂದು', 'ಔಟ್', 'ಬಿಡು'. ಇದರಲ್ಲಿ 'ಬಿಡು' ಬಹಳ ಕಷ್ಟದ್ದು. ಶಟಲ್ ಎದೆಯೆತ್ತರದಲ್ಲಿ ಬರುತ್ತಿದೆ, ಕೈಗೆ ಸಿಗುವಂತಿದೆ. ಹಿಂದಿನಿಂದ ಅವನು 'ಬಿಡು' ಎನ್ನುತ್ತಾನೆ. ಗೆರೆ ಅವನಿಗೆ ಚೆನ್ನಾಗಿ ಅಂದಾಜಿದೆ, ಅವಳಿಗಿಲ್ಲ. ಬಂದ ಶಟಲ್‌ಗೆ ರ‍್ಯಾಕೆಟ್ ಎತ್ತದೇ ಇರುವುದು ದೇಹಕ್ಕೆ ಒಪ್ಪುವ ಮಾತಲ್ಲ. ಯೋಚಿಸಲು ಸಮಯವೂ ಇಲ್ಲ. ಆ ಕ್ಷಣದಲ್ಲಿ ಅವಳು ಏನು ಮಾಡುತ್ತಾಳೆ ಎಂಬುದರಲ್ಲಿ ಸುಳ್ಳು ಹೇಳಲು ಆಗುವುದಿಲ್ಲ. ಬಾಯಲ್ಲಿ 'ನಿನ್ನ ಮೇಲೆ ನಂಬಿಕೆಯಿದೆ' ಎಂದು ಯಾರು ಬೇಕಾದರೂ ಹೇಳಬಹುದು.

ಒಂದು ಮಾದರಿ ಕೊಡುತ್ತೇನೆ. ನನ್ನ ಸಾಲುಗಳನ್ನೇ ಹಾಕಿಕೊಳ್ಳಬೇಡಿ, ಅಳತೆ ಎಷ್ಟು ಎಂದು ನೋಡಿಕೊಳ್ಳಿ ಸಾಕು.

ಶಟಲ್ ನೇರ ಅವಳ ಭುಜದ ಕಡೆಗೆ ಬಂತು.

"ಬಿಡು!"

ಅವಳು ಹೊಡೆದಳು. ಫ್ರೇಮಿಗೆ ತಾಗಿ ನೆಟ್‌ಗೆ ಬಿತ್ತು. 17-19.

ಅವನು ಬಂದು ಶಟಲ್ ಎತ್ತಿಕೊಂಡ. ಮುರಿದ ಗರಿಯೊಂದನ್ನು ನೇವರಿಸಿ ಆಚೆ ಕಡೆಗೆ ದಾಟಿಸಿದ.

"ಔಟ್ ಇತ್ತಾ?"

"ಒಂದು ಗೇಣು."

"ಮತ್ತೆ ಬಯ್ಯೋದಲ್ವಾ?"

"ಆಮೇಲೆ ಬಯ್ತೀನಿ. ಸರ್ವಿಸ್ ಅವರದ್ದು, ನಿಂತ್ಕೋ."

ಇಷ್ಟೇ. ಅವಳ ಮನಸ್ಸಿನಲ್ಲಿ ಏನಾಯಿತು, ಹಳೆಯದು ನೆನಪಾಯಿತಾ, ಕಣ್ಣಲ್ಲಿ ನೀರು ಬಂತಾ, ಯಾವುದೂ ಬೇಡ. ಇದು 8ನೇ ಅಧ್ಯಾಯದಲ್ಲಿ ಬರಲಿ. ಮುಂದೆ ಇನ್ನೊಂದು ಪಂದ್ಯದಲ್ಲಿ ಅವಳು ಬಿಡುತ್ತಾಳೆ, ಆದರೆ ಗೆರೆ ನೋಡಲು ಪೂರ್ತಿ ತಿರುಗಿಬಿಡುತ್ತಾಳೆ. ಆಮೇಲೆ ಒಂದು ಟೂರ್ನಿಯಲ್ಲಿ ಡ್ರಾ ಹಾಕಿದ, ಅಂದರೆ ಯಾರ ಎದುರು ಯಾರು ಆಡುತ್ತಾರೆಂದು ಬರೆದ, ಹಾಳೆ ಮುಂದೆ ನಿಂತಾಗ ಹಳೆಯದೆಲ್ಲ ಎದ್ದು ಬರುತ್ತದೆ, ಆ ದಿನ ಪೂರ್ತಿ ಅವಳು ಒಂದು ಕೂಗನ್ನೂ ಕೇಳುವುದಿಲ್ಲ. ಎಷ್ಟು ಮುಂದೆ ಬಂದಿದ್ದಳೋ ಅದಕ್ಕಿಂತ ಹಿಂದೆ ಹೋಗುತ್ತಾಳೆ. ಹಾಗೆ ಹೋಗಲಿ. ನಿಮ್ಮ ಕರಡಿನಲ್ಲಿ ಅವಳು ಒಂದು ಸಲವೂ ಹಿಂದೆ ಹೋಗಿಲ್ಲ, ಗೆಳತಿಯರಿಗೆ ಒಪ್ಪಿಗೆಯಾಗದಿರಲು ಅದೂ ಒಂದು ಕಾರಣ.

ನಾನು ನಿಜವಾಗಿ ಹೇಳಬೇಕೆಂದಿದ್ದ ದೃಶ್ಯ ಇದರ ನಂತರದ್ದು. ಅವನು 'ಬಿಡು' ಎನ್ನುತ್ತಾನೆ, ಅವಳು ಬಿಡುತ್ತಾಳೆ, ಶಟಲ್ ಗೆರೆಯ ಮೇಲೇ ಬೀಳುತ್ತದೆ. ಇನ್. ಪಾಯಿಂಟ್ ಹೋಯಿತು, ಬಹುಶಃ ಪಂದ್ಯವೂ ಹೋಯಿತು. ಅವನು ತಪ್ಪು ಹೇಳಿದ. ಈಗ?

ಪ್ರೇಮ ಕಾದಂಬರಿ ಬರೆಯುವವರು ಹೆಚ್ಚಾಗಿ ಇಲ್ಲಿಗೆ ಬರುವುದೇ ಇಲ್ಲ. ನಾಯಕ ಎಂದೂ ತಪ್ಪದವನಾದರೆ ಮಾತ್ರ ಅವನನ್ನು ನಂಬಬಹುದು ಎಂದುಕೊಂಡಿರುತ್ತಾರೆ. ಡಬಲ್ಸ್ ಆಡಿದವರಿಗೆ ಗೊತ್ತು, ಎಲ್ಲರ ಕೂಗೂ ಆಗಾಗ ತಪ್ಪುತ್ತದೆ. ತಪ್ಪಿದ ಮೇಲೆ ಜೋಡಿ ಏನು ಮಾಡುತ್ತಾನೆ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಲೈಟ್ ಕಣ್ಣಿಗೆ ಹೊಡೀತು, ಗಾಳಿ ಇತ್ತು, ನೀನು ಅಡ್ಡ ಇದ್ದೆ ಎನ್ನುವವರಿದ್ದಾರೆ. ಇನ್ನು ಕೆಲವರು ಬೇಜಾರಾಗಿ ಮುಂದಿನ ಹತ್ತು ನಿಮಿಷ ಬಾಯೇ ಬಿಡುವುದಿಲ್ಲ. ಅದು ಇನ್ನೂ ಕೆಟ್ಟದ್ದು, ಮುಂದೆ ನಿಂತವಳಿಗೆ ಆಗ ಏನೂ ತಿಳಿಯುವುದಿಲ್ಲ. ನಿಮ್ಮ ಹುಡುಗ 'ನಂದು ತಪ್ಪು' ಎನ್ನಲಿ. ಮುಂದಿನ ಶಟಲ್‌ಗೆ ಅಷ್ಟೇ ಜೋರಾಗಿ ಮತ್ತೆ ಕೂಗಲಿ. ಚೈತ್ರಾ ಮತ್ತೆ ಬಿಡಲಿ. ಅವನು ತಪ್ಪುವುದಿಲ್ಲ ಎಂದು ಅವಳು ಬಿಟ್ಟದ್ದಲ್ಲ. ಅವನು ಎಲ್ಲಿ ತಪ್ಪುತ್ತಾನೆ, ತಪ್ಪಿದರೆ ಏನು ಮಾಡುತ್ತಾನೆ ಎಂದು ಅವಳಿಗೀಗ ಗೊತ್ತಿದೆ. ತನ್ನ ಕಣ್ಣಿನಿಂದಲೇ ಗೊತ್ತುಮಾಡಿಕೊಂಡಿದ್ದಾಳೆ. ಹಳೆಯವನ ವಿಷಯದಲ್ಲಿ ಇಲ್ಲದೇ ಇದ್ದದ್ದು ಇದೇ. ನಿಮ್ಮ 20ನೇ ಅಧ್ಯಾಯ ಅಲ್ಲಿದೆ.

ಹೊಸ ಹುಡುಗನಿಗೂ ಕಲಿಯಲು ಏನಾದರೂ ಕೊಡಿ. ಈಗ ಅವನಿಗೆ ಕೆಲಸವೇ ಇಲ್ಲ, ಒಳ್ಳೆಯವನಾಗಿ ಕಾಯುವುದಷ್ಟೇ. ಮಿಕ್ಸೆಡ್‌ನಲ್ಲಿ ಎದುರಾಳಿಗಳು ಹುಡುಗಿಯ ಮೇಲೆಯೇ ಹೆಚ್ಚು ಹೊಡೆಯುತ್ತಾರೆ. ಅವಳ ಎಡಗಾಲು ಆಪರೇಷನ್ ಆದದ್ದು ಎಂದು ಗೊತ್ತಿದ್ದರಂತೂ ಕೇಳುವುದೇ ಬೇಡ, ಹುಡುಕಿ ಹುಡುಕಿ ಆ ಮೂಲೆಗೇ ಹಾಕುತ್ತಾರೆ. ಇವನು ಕನಿಕರದಿಂದ ಅವಳ ಶಟಲನ್ನೂ ತಾನೇ ಓಡಿ ತೆಗೆಯಲು ಶುರುಮಾಡುತ್ತಾನೆ. ನೋಡುವವರಿಗೆ ಎಷ್ಟು ಪ್ರೀತಿ ಎನ್ನಿಸುತ್ತದೆ. ಕೋರ್ಟಿನೊಳಗೆ ಅದು ಅವಮಾನ. ಅವನು ಬಿಟ್ಟುಬಂದ ಜಾಗ ಖಾಲಿಯಾಗಿ ಪಾಯಿಂಟ್ ಅಲ್ಲೇ ಹೋಗುತ್ತದೆ. 11 ಪಾಯಿಂಟಿಗೆ ಸಿಗುವ 60 ಸೆಕೆಂಡಿನ ಬಿಡುವಿನಲ್ಲಿ ಚೈತ್ರಾ ನೀರು ಕುಡಿಯುತ್ತಾ, "ಅದು ನನ್ನ ಶಟಲ್. ಹೋದ್ರೆ ಹೋಗ್ಲಿ, ನನ್ನದು ನಂಗೆ ಬಿಡಿ" ಎನ್ನಲಿ. ಆಸ್ಪತ್ರೆ ದೃಶ್ಯದ ತೊಂದರೆಯೂ ಇದೇ ಜಾತಿಯದ್ದು. ಅಲ್ಲಿ ಅವಳು ಮಲಗಿರುತ್ತಾಳೆ, ಅವನು ಎಲ್ಲ ಮಾಡುತ್ತಾನೆ. ಮಲಗಿದ್ದವಳು ಏನನ್ನೂ ಆರಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಕೋರ್ಟಿನ ನಂಬಿಕೆ ತಾನಾಗಿಯೇ ಪ್ರೀತಿಯಾಗುತ್ತದೆ ಎಂದೂ ಹಿಡಿಯಬೇಡಿ. ಪ್ಯಾರಿಸ್‌ನಲ್ಲಿ ಮಿಕ್ಸೆಡ್ ಚಿನ್ನ ಗೆದ್ದ ಚೀನಾದ ಹುವಾಂಗ್ ಯಾಕಿಯಾಂಗ್ ಎಷ್ಟೋ ವರ್ಷ ಆಡಿದ್ದು ಜೆಂಗ್ ಸಿವೇ ಜೊತೆ. ಪದಕ ಕೊರಳಿಗೆ ಬಿದ್ದ ಮೇಲೆ ಅಂಗಳದಲ್ಲಿ ಮಂಡಿಯೂರಿ ಉಂಗುರ ತೋರಿಸಿದವರು ಪುರುಷರ ಡಬಲ್ಸ್ ಆಡುವ ಲಿಯು ಯುಚೆನ್. ಇನ್ನೊಂದು ಕಡೆ ಇಂಗ್ಲೆಂಡಿನ ಕ್ರಿಸ್ ಮತ್ತು ಗ್ಯಾಬಿ ಆಡ್‌ಕಾಕ್ ಗಂಡ ಹೆಂಡತಿಯಾಗಿಯೇ 2014 ಮತ್ತು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಿಕ್ಸೆಡ್ ಚಿನ್ನ ಗೆದ್ದರು. ಎರಡೂ ಉಂಟು. ಹಾಗಾಗಿ ನಿಮ್ಮ ಕಥೆಯಲ್ಲಿ ಒಂದು ಹಂತ ಬೇಕು: ಆಟದಲ್ಲಿ ಇಬ್ಬರೂ ಚೆನ್ನಾಗಿ ಹೊಂದಿದ್ದಾರೆ, ಆದರೆ ಅವಳು ಮನೆಯ ವಿಷಯ ಒಂದೂ ಅವನ ಹತ್ತಿರ ಹೇಳುವುದಿಲ್ಲ. ಜನಶತಾಬ್ದಿಯಲ್ಲಿ ಶಿವಮೊಗ್ಗಕ್ಕೆ ಹೊರಟಾಗ ಬಿಡಲು ಬರುತ್ತೇನೆಂದರೆ ಬೇಡ ಎನ್ನುತ್ತಾಳೆ. ಆಮೇಲೆ ಆ ಗೆರೆಯನ್ನು ಅವಳು ದಾಟುವುದು ಕಾಣಬೇಕು. ದಾಟುವವಳು ಅವಳೇ ಆಗಿರಬೇಕು. ಅವನು ಪ್ರಪೋಸ್ ಮಾಡಿ ಅವಳು ತಲೆಯಾಡಿಸಿದರೆ ಸಾಲದು.

ಹಳೆಯ ಹುಡುಗನ ವಿಷಯ. ಡಬಲ್ಸ್‌ನಲ್ಲಿ ಜೋಡಿ ಬದಲಾಗುವುದು ಪಾಪವಲ್ಲ. ಕೊಡಗಿನ ಮೂಲದ ನಮ್ಮ ಅಶ್ವಿನಿ ಪೊನ್ನಪ್ಪ ಅವರನ್ನೇ ನೋಡಿ. ಜ್ವಾಲಾ ಗುಟ್ಟಾ ಜೊತೆ 2010ರ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್ ಕಂಚು. ಸಿಕ್ಕಿ ರೆಡ್ಡಿ ಜೊತೆ 2018ರ ಕಾಮನ್‌ವೆಲ್ತ್ ಕಂಚು. ತನೀಶಾ ಕ್ರಾಸ್ಟೊ ಜೊತೆ 2024ರ ಪ್ಯಾರಿಸ್ ಒಲಿಂಪಿಕ್ಸ್. ಜೋಡಿ ಬದಲಿಸುವುದು ಆ ಬದುಕಿನ ಭಾಗ. ಹಾಗಾದರೆ ನಿಮ್ಮ ಹಳೆಯ ಹುಡುಗ ಮಾಡಿದ ತಪ್ಪು ಯಾವುದು? ಬಿಟ್ಟದ್ದಲ್ಲ, ಮುಚ್ಚಿಟ್ಟದ್ದು. ಅವಳಿಗೆ ಅದು ಟೂರ್ನಿಯ ಪಟ್ಟಿ ನೋಡಿ ಗೊತ್ತಾಯಿತು. ಇದನ್ನು ಇನ್ನೂ ಚೂಪಾಗಿ ಬರೆಯಿರಿ. ಡಬಲ್ಸ್ ರ‍್ಯಾಂಕಿಂಗ್ ವಿಶ್ವ ಪಟ್ಟಿಯಲ್ಲಿ ಜೋಡಿಯ ಹೆಸರಿನಲ್ಲಿರುತ್ತದೆ ಎಂಬುದನ್ನೂ ಸೇರಿಸಿ. ಜೋಡಿ ಒಡೆದರೆ ಇಬ್ಬರೂ ಕಟ್ಟಿದ್ದು ಬಹುಪಾಲು ಹೋಯಿತು. ಅವನಿಗೆ ಹೊಸದು ಕಟ್ಟಲು ಗಟ್ಟಿ ಕಾಲಿದೆ, ಅವಳಿಗಿಲ್ಲ. ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಗುವ ಆಸೆಯಿದ್ದರೆ ಅದೂ ಅಲ್ಲಾಡಿತು. ಓದುಗರಿಗೆ ಅವಳ ಸಿಟ್ಟು ಆಗ ಬರೀ ಪ್ರೇಮಭಂಗ ಅನ್ನಿಸುವುದಿಲ್ಲ.

ಕ್ಷಮೆ ಕೇಳಬೇಕಾ ಎಂದಿರಿ. ಬೇಡ. ಅವನ ಕ್ಷಮೆಯಿಂದ ಅವಳು ಬಿಡುಗಡೆಯಾದರೆ ಕೀಲಿಕೈ ಮತ್ತೆ ಅವನ ಕೈಯಲ್ಲೇ ಇದ್ದಂತಾಯಿತು. ಅವನನ್ನು ಖಳನಾಯಕನನ್ನಾಗಿಯೂ ಮಾಡಬೇಡಿ. ಯಾವುದೋ ಟೂರ್ನಿಯ ಎರಡನೇ ಸುತ್ತಿನಲ್ಲಿ ನೆಟ್ ಆಚೆ ಅವನು ಬರಲಿ, ಪಂದ್ಯ ಮುಗಿದ ಮೇಲೆ ಕೈಕುಲುಕಲಿ, ಹೋಗಲಿ. ಫೈನಲ್‌ನಲ್ಲಿ ಮಾತ್ರ ತರಬೇಡಿ, ಅದು ಧಾರಾವಾಹಿಯ ಹಳೇ ಚಾಳಿ.

ಆದರೆ ಒಬ್ಬರನ್ನು ನೀವು ಮರೆತೇಬಿಟ್ಟಿದ್ದೀರಿ: ಚೈತ್ರಾಳ ಅಮ್ಮ. ಶಿವಮೊಗ್ಗದಂಥ ಊರಿನಲ್ಲಿ ನಿಶ್ಚಯವಾದ ಮದುವೆ ಮುರಿದರೆ ಅದು ಇಬ್ಬರ ನಡುವಿನ ವಿಷಯವಾಗಿ ಉಳಿಯುವುದಿಲ್ಲ. ಛತ್ರಕ್ಕೆ ಕೊಟ್ಟ ಅಡ್ವಾನ್ಸ್ ಹೋಗಿದೆ. ಸೀರೆ ತಂದಾಗಿದೆ. ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. "ನೀನೇ ಒಪ್ಪಿಕೊಂಡ ಹುಡುಗ ಅಲ್ವೇನೇ" ಎಂದು ಅಮ್ಮ ಒಮ್ಮೆ ಹೇಳಿಬಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆಮೇಲೆ ಎಂದೂ ಹೇಳಿಲ್ಲ, ಆದರೆ ಒಮ್ಮೆ ಹೇಳಿದ್ದಾರೆ. ಮಗಳ ಲೆಕ್ಕಾಚಾರದ ಮೇಲೆ ಅಮ್ಮನಿಗೂ ನಂಬಿಕೆ ಹೋಗಿದೆ, ಅದು ಮಗಳಿಗೆ ಗೊತ್ತಿದೆ. ಇಲ್ಲಿ ಒಂದು ಇಡೀ ಅಧ್ಯಾಯಕ್ಕಾಗುವಷ್ಟು ಸಾಮಗ್ರಿ ಇದೆ. ಹೊಸ ಹುಡುಗ ಮನೆಗೆ ಬಂದಾಗ ಅಮ್ಮ ಅವನಿಗೆ ಅತಿಯಾಗಿ ಉಪಚಾರ ಮಾಡುತ್ತಾರಾ, ಅಥವಾ ಕಾಫಿ ಕೊಟ್ಟು ಒಳಗೆ ಹೋಗಿಬಿಡುತ್ತಾರಾ? ನನಗೆ ಎರಡನೆಯದು ಇಷ್ಟ. ಚೈತ್ರಾಳ ಅಮ್ಮ ಎಂಥವರು ಎಂದು ನಿಮಗೇ ಗೊತ್ತು.

ಆಟದ ವಿವರ ಎಷ್ಟು? ಪೂರ್ತಿ ಪಂದ್ಯ ಎಂದು ಹೇಳಬಹುದಾದದ್ದು ಇಡೀ ಕಾದಂಬರಿಯಲ್ಲಿ ಎರಡೋ ಮೂರೋ ಸಾಕು. ಅವುಗಳಲ್ಲೂ ಒಂದೊಂದು ರ‍್ಯಾಲಿಯನ್ನು ಹತ್ತಿರದಿಂದ ಬರೆದು ಉಳಿದದ್ದನ್ನು ಸ್ಕೋರಿನಲ್ಲಿ ಮುಗಿಸಿ. 21ರ ಗೇಮ್‌ನಲ್ಲಿ ಪ್ರತಿ ಪಾಯಿಂಟ್ ಬರೆದರೆ ಆಟ ಗೊತ್ತಿರುವವರೂ ಪುಟ ಹಾರಿಸುತ್ತಾರೆ. ಅದರ ಬದಲು ಆಟದ ಸುತ್ತಲಿನದ್ದು ಬರೆಯಿರಿ. ಹೊಸ ಶಟಲ್ ಡಬ್ಬಿ ತೆರೆದಾಗ ಬರುವ ವಾಸನೆ, ಬೆವರಿಗೆ ಜಾರುವ ಗ್ರಿಪ್ ಸುತ್ತಿಕೊಳ್ಳುವುದು, ಒಳಾಂಗಣದಲ್ಲಿ ಫ್ಯಾನ್ ಹಾಕಬೇಡಿ ಎಂದು ಯಾರೋ ಕೂಗುವುದು. ಒಂದೆರಡು ವಾರ ಬೆಳಿಗ್ಗೆ ಯಾವುದಾದರೂ ಕೋರ್ಟಿಗೆ ಹೋಗಿ ಕೂತು ಬರೀ ಕೂಗುಗಳನ್ನು ಕೇಳಿ ಬರೆದುಕೊಳ್ಳಿ. ಆಟ ಕಲಿಯದಿದ್ದರೂ ನಡೆಯುತ್ತದೆ, ಕೂಗು ಮಾತ್ರ ಸರಿಯಾಗಿ ಕೇಳಿಸಬೇಕು.

ನಿಮ್ಮ ಹಸ್ತಪ್ರತಿಯಲ್ಲಿರುವ ಫಿಸಿಯೋಥೆರಪಿ ಹುಡುಗಿಯ ಉಪಕಥೆ ತೆಗೆಯಿರಿ. ಅಸೂಯೆ ಹುಟ್ಟಿಸುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವಿಲ್ಲ.

ಕೊನೆಗೆ ಗೆಲ್ಲಬೇಕಾ? ಕಪ್ ಬೇಡ. ಕಪ್ ಗೆದ್ದರೆ ನಂಬಿದ್ದಕ್ಕೆ ಬಹುಮಾನ ಸಿಕ್ಕಂತಾಗುತ್ತದೆ, ಹಾಗಾದರೆ ಸೋತಿದ್ದರೆ ನಂಬಿದ್ದು ತಪ್ಪಾ ಎಂಬ ಪ್ರಶ್ನೆ ಉಳಿಯುತ್ತದೆ. ಕ್ವಾರ್ಟರ್‌ಫೈನಲ್‌ನಲ್ಲಿ, ಮೂರನೇ ಗೇಮ್‌ನಲ್ಲಿ ಸೋಲಲಿ. ಆ ಸೋಲು ಕೂಡ ಅವಳ ಆಯ್ಕೆಯಿಂದ ಬರಲಿ: ಹಿಂದಿನ ಎಡ ಮೂಲೆಗೆ ಬಂದ ಶಟಲ್‌ಗೆ ಅವಳೇ 'ನಂದು' ಎಂದು ಕೂಗಿ, ಓಡಿ, ಜಿಗಿದು, ಎಡಗಾಲ ಮೇಲೆ ಇಳಿಯಲಿ. ಶಟಲ್ ಔಟ್ ಹೋಗಲಿ. ಕಾಲು ನಿಲ್ಲಲಿ.

ತಿದ್ದಿ ಬರೆದ ಮೇಲೆ 'ನಂಬಿಕೆ', 'ನಂಬುತ್ತೇನೆ' ಎಂಬ ಮಾತುಗಳನ್ನು ಹಸ್ತಪ್ರತಿಯಲ್ಲಿ ಹುಡುಕಿ ಆದಷ್ಟು ತೆಗೆದುಹಾಕಿ. ಆಮೇಲೆ ಅದೇ ಗೆಳತಿಯರಿಗೆ ಕೊಟ್ಟು, ಚೈತ್ರಾ ಅವನನ್ನು ಒಪ್ಪಿಕೊಂಡಿದ್ದು ಯಾವ ಪುಟದಲ್ಲಿ ಎಂದು ಕೇಳಿ. ಒಬ್ಬೊಬ್ಬರು ಒಂದೊಂದು ಪುಟ ಹೇಳಿದರೆ ಪ್ರಕಾಶಕರಿಗೆ ಕಳಿಸಿ. ಎಲ್ಲರೂ ಒಂದೇ ಪುಟ ಹೇಳಿದರೆ ಆ ಪುಟವನ್ನೂ ಅದರ ಹಿಂದಿನ ಅಧ್ಯಾಯವನ್ನೂ ನನಗೆ ಮತ್ತೆ ಕಳಿಸಿ, ನೋಡೋಣ.